ಮುಟ್ಟುವ ಮುನ್ನ ಕೇಳುವ ಮಾತು

ಬೀದಿಯವರು ಅವಳನ್ನು ಜಪಾನಮ್ಮ ಅಂತಲೇ ಕರೆಯುತ್ತಿದ್ದರು. "ಅತ್ತೆ ಹಾಸಿಗೆ ಮುಂದೆ ನಿಂತು ಬಗ್ಗಿ ಬಗ್ಗಿ ಏನೋ ಒದರ್ತಾಳೆ ಕಣ್ರೀ, ಮಾಟನೋ ಮಂತ್ರನೋ," ಅನ್ನುತ್ತಿದ್ದಳು ಎದುರುಮನೆ ದರ್ಜಿ. "ಮುದುಕಿ ಸಾಯೋಕೂ ಹೆದರ್ಕೊಂಡಿರೋದು ಅದಕ್ಕೇ," ಅಂತ ಪಕ್ಕದವಳು ಒಗ್ಗರಣೆ ಹಾಕುತ್ತಿದ್ದಳು.

ಮಾಟವೂ ಅಲ್ಲ, ಮಂತ್ರವೂ ಅಲ್ಲ. ಇವಳ ಗಂಡ ತೀರಿಕೊಂಡ ಮರುವರ್ಷವೇ ಅತ್ತೆಗೆ ಲಕ್ವ ಹೊಡೆದು ಎಡಗೈ ಎಡಗಾಲು ಸ್ವಾಧೀನ ತಪ್ಪಿದವು. ಮನೆ ಮೈದುನನ ಹೆಸರಿನಲ್ಲಿತ್ತು. "ಅಮ್ಮ ಇರೋತನಕ ನೀವಿಲ್ಲೇ ಇರಿ ಅತ್ತಿಗೆ," ಅಂದಿದ್ದ, ದೊಡ್ಡ ಉಪಕಾರ ಮಾಡಿದವನ ಹಾಗೆ. ಅಂದರೆ ಮುದುಕಿಯ ಉಸಿರು ನಿಂತ ದಿನವೇ ಇವಳ ತಲೆಯ ಮೇಲಿನ ಸೂರೂ ಹೋಯಿತು. ಅದಕ್ಕೇ ಜಪಾನಿಗೆ ಹೋಗಿ ಮುದುಕರ ಆರೈಕೆ ಮಾಡುವುದಕ್ಕೆ ಹೆಂಗಸರನ್ನು ತಯಾರು ಮಾಡುವ ತರಗತಿಗೆ ಸೇರಿದಳು. ಭಾಷೆ ಕಲೀತೀನಿ ಅಂದಳೇ ಹೊರತು, ಅಲ್ಲಿಗೆ ಹೋಗುವ ಮಾತನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

"ಹೆದರಬೇಡಿ," ಅಂದರು ಮೇಷ್ಟ್ರು ಮೊದಲ ದಿನ. "ಕ್ರಿಯಾಪದ ನಮ್ಮ ಹಾಗೇ ಕೊನೆಗೆ ಬರುತ್ತೆ. ನಮ್ಮ 'ಅನ್ನು' ಇರೋ ಕಡೆ ಅವರ 'ಒ'. ಕೊನೆಗೊಂದು 'ಕಾ' ಹಚ್ಚಿದರೆ ಪ್ರಶ್ನೆ." ಮುಂದಿನ ಪಾಠ ಇನ್ನೂ ಮುಖ್ಯದ್ದು. ಮಲಗಿದವರನ್ನು ಕೇಳದೆ ಮುಟ್ಟುವಂತಿಲ್ಲ. ಬಗ್ಗಿ 'ಶಿತ್ಸುರೇ ಶಿಮಾಸು', ಅಂದರೆ ತೊಂದರೆ ಕೊಡ್ತಿದೀನಿ ಕ್ಷಮಿಸಿ, ಅನ್ನಬೇಕು. 'ಕರದಾ ಒ ಉಗೊಕಾಶಿಮಾಸು', ಮೈಯನ್ನು ಸರಿಸುತ್ತೇನೆ. 'ಈ ದೆಸ್ ಕಾ', ಆಗಬಹುದಾ? ಬೇಡ ಅಂದರೆ ಕೈ ಹಚ್ಚಬಾರದು.

ಅಭ್ಯಾಸಕ್ಕೆ ಮನೆಯಲ್ಲೇ ಮೈಯೊಂದಿತ್ತಲ್ಲ!

"ಏನೇ ಅದು, ನಾಯಿ ಓಡಿಸೋ ಹಾಗೆ ಶಿ ಶಿ ಅಂತ?"

"ನಿಮ್ಮನ್ನ ಮಗ್ಗುಲಾಗಿಸಲಾ ಅಂತ ಕೇಳ್ತಿದೀನಿ ಅತ್ತೆ."

"ನನ್ನನ್ನಾ? ಕೇಳ್ತಿದೀಯಾ?"

ನಾಲ್ಕು ವರ್ಷ ಮೂಟೆ ಹೊರಳಿಸಿದ ಹಾಗೆ ಹೊರಳಿಸಿದ್ದರೇ ಹೊರತು ಯಾರೂ ಕೇಳಿರಲಿಲ್ಲ. ಮುದುಕಿಗೆ ರುಚಿ ಹತ್ತಿತು. ಹೂಂ ಅನ್ನುವುದಕ್ಕೆ 'ಹೈ' ಕಲಿತಳು, ಬೇಡ ಅನ್ನುವುದಕ್ಕೆ 'ಈಯೆ' ಕಲಿತಳು. "ಸರಿಯಾಗಿ ಬಗ್ಗೇ! ನಿನ್ನೆ ಇನ್ನೂ ಚೆನ್ನಾಗಿ ಬಗ್ಗಿದ್ದೆ," ಅಂತ ಅಧಿಕಾರ ಬೇರೆ. ಆ ಎರಡು ತಿಂಗಳು ಅತ್ತೆ ಸೊಸೆ ನಕ್ಕಷ್ಟು ಹಿಂದೆಂದೂ ನಕ್ಕಿರಲಿಲ್ಲ.

ಗುಟ್ಟು ಒಡೆದವಳು ಓರಗಿತ್ತಿ. ಪರೀಕ್ಷೆಯ ಹಿಂದಿನ ದಿನ ಬಂದು, "ಇದರಲ್ಲಿ ಪಾಸಾದ್ರೆ ಅಕ್ಕ ಜಪಾನಿಗೇ ಹೋಗಿಬಿಡ್ತಾರಂತೆ, ನಿಮಗೆ ಗೊತ್ತಿಲ್ವಾ ಅತ್ತೆ?" ಅಂದುಬಿಟ್ಟಳು.

ಮರುದಿನ ಎಂಟೂವರೆಗೆ ಬಸ್ಸು. ಎಂಟಕ್ಕೆ ನೋಡಿದರೆ ಹಾಸಿಗೆ ಒದ್ದೆ. ಬಗ್ಗಿ ಕೇಳಿದಳು.

"ಈಯೆ," ಅಂದಳು ಮುದುಕಿ.

ಮತ್ತೆ ಕೇಳಿದಳು. "ಈಯೆ."

"ಅತ್ತೆ, ದಮ್ಮಯ್ಯ, ಬಸ್ಸು ಹೋಗುತ್ತೆ."

"ಬೇಡ ಅಂದ್ರೆ ಮುಟ್ಟಬಾರದು ಅಂತ ನಿಮ್ಮ ಮೇಷ್ಟ್ರೇ ಹೇಳಿದ್ದಲ್ವಾ? ನನ್ನ ಮೈಮೇಲೆ ಕಲಿತು ಇನ್ಯಾವಳದೋ ಅಂಡು ತೊಳೆಯೋಕೆ ಹೋಗ್ತೀಯೇನೇ?"

ಗಡಿಯಾರದ ಮುಳ್ಳು ಹತ್ತು ನಿಮಿಷ ಸರಿಯುವತನಕ ಅವಳು ಕೈಕಟ್ಟಿಕೊಂಡು ನಿಂತಿದ್ದಳು. ಆಮೇಲೆ ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಹಾಕಿ ಒಂದೇ ಏಟಿಗೆ ಹೊರಳಿಸಿದಳು. ಬಟ್ಟೆ ಎಳೆದಳು, ಒರೆಸಿದಳು, ಬೇರೆ ಹಾಸಿದಳು. ಯಾವ ಭಾಷೆಯಲ್ಲೂ ಕೇಳಲಿಲ್ಲ. ಮುದುಕಿಯ ಭುಜದ ಮೇಲೆ ಐದು ಬೆರಳೂ ಮೂಡಿದ್ದವು.

ಪರೀಕ್ಷೆಯಲ್ಲಿ ಮಲಗಿದ್ದದ್ದು ರಬ್ಬರಿನ ಬೊಂಬೆ. ಉಳಿದವರೆಲ್ಲ ಕೇಳಿದ ತಕ್ಷಣ ಕೈ ಹಾಕಿದರು. ಇವಳು ಮಾತ್ರ ಕೇಳಿ, ಉತ್ತರಕ್ಕೆ ಕಾಯುತ್ತಾ ನಿಂತಳು. "ಇದು ನಿಜವಾದ ಮರ್ಯಾದೆ," ಅಂತ ಪರೀಕ್ಷಕಿ ಎದ್ದು ನಿಂತು ಹೊಗಳಿದಳು. ಪಟ್ಟಿಯಲ್ಲಿ ಮೊದಲ ಹೆಸರು ಇವಳದೇ.

ಕಾಗದಪತ್ರ ಬರುವುದಕ್ಕೆ ಮೂರು ತಿಂಗಳು ಹಿಡಿಯಿತು. ಅಷ್ಟೂ ದಿನ ಅವಳು ಬಗ್ಗಿ ಕೇಳಿದಳು. ಮುದುಕಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಮೈ ಮಾತ್ರ ಬಿಟ್ಟುಕೊಟ್ಟಳು.

ಹೊರಡುವ ದಿನ ಓರಗಿತ್ತಿ, ಇನ್ನು ಮುದುಕಿಯ ಆರೈಕೆ ತನ್ನ ಪಾಲಿಗೆ ಬಂತೆಂದು, ಮೂತಿ ಊದಿಸಿಕೊಂಡು ಬಂದು ಕೂತಿದ್ದಳು. ಇವಳು ಪೆಟ್ಟಿಗೆ ಬಾಗಿಲಲ್ಲಿಟ್ಟು ಒಳಗೆ ಬಂದು, "ಅತ್ತೆ, ಕಾರು ಬಂತು," ಅಂದಳು.

ಮುದುಕಿ ಗೋಡೆಯಿಂದ ಮುಖ ತಿರುಗಿಸಲಿಲ್ಲ. ಇವಳು ಹೊರಗೆ ಬಂದಳು. ಚಪ್ಪಲಿ ಮೆಟ್ಟುವಾಗ ಒಳಗಿನಿಂದ ದನಿ ಕೇಳಿಸಿತು, ಓರಗಿತ್ತಿಗೆ ಹೇಳಿದ್ದು: "ಬಾಗಿಲು ಹಾಕ್ಕೊಳ್ಳೇ, ಗಾಳಿ ಬರ್ತಿದೆ."

ಎರಡನೇ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಅವಳು ಮೆಟ್ಟಿಲಿಳಿದಳು.