ರೇಷ್ಮೆಯ ಕೆಳಗೆ

ನಮ್ಮ ಕ್ಲಬ್ಬಿನ ರ‍್ಯಾಲಿಯಲ್ಲಿ ಗೆಳೆಯ ಮಹೇಶನ ಸ್ಪೋರ್ಟ್ಸ್ ಕಾರೇ ಮುಂದಿತ್ತು; ಅವನ ಪಕ್ಕದಲ್ಲಿ ನಾನು ಕೂತಿದ್ದೆ. ಮೊಳಕಾಲ್ಮೂರಿನ ಬೀದಿಯೊಂದರಲ್ಲಿ ನೇಕಾರರು ಮಗ್ಗಕ್ಕೇರಿಸಬೇಕಾದ ಸೀರೆಯ ಹಾಸನ್ನು ರಸ್ತೆಗೆ ಅಡ್ಡಲಾಗಿ ಎಳೆದು ಕಟ್ಟಿದ್ದರು. ಸಾವಿರಾರು ಕೆಂಪು ರೇಷ್ಮೆ ಎಳೆಗಳು ಬೆಳಗಿನ ಬಿಸಿಲಲ್ಲಿ ನೀರಿನಂತೆ ಮಿನುಗುತ್ತಿದ್ದವು. ಮಹೇಶ ಅಸಹನೆಯಿಂದ ಇಂಜಿನ್ ಗುರುಗುಟ್ಟಿಸಿದ.

"ಆರಿಸ್ರಿ, ಎಳೆ ನಡುಗ್ತಾವೆ. ಮದ್ವೆ ಸೀರೆ ಐತೆ," ಎಂದರು ಹಾಸಿನ ಬಳಿಯಿದ್ದ ಅಜ್ಜಿ. ಆಮೇಲೆ ಕಾರನ್ನು ಕಣ್ಣಲ್ಲೇ ಅಳೆದು, "ಕುಳ್ಳಗೈತಲ್ಲ, ಎತ್ತಿ ಹಿಡೀತೀವಿ. ತಲೆ ಬಗ್ಗಿಸ್ಕೊಂಡು ತೂರಿ ಬರ್ರಿ."

ಮನೆಮಂದಿ ಕೋಲುಗಳಿಂದ ಹಾಸನ್ನು ಮೇಲೆತ್ತಿದರು. ಮಹೇಶ ಇಂಜಿನ್ ಆರಿಸಿದ. ಚಾವಣಿ ತೆರೆದ ಕಾರನ್ನು ಹಿಂದಿನ ಕಾರಿನವರು ಇಳಿದು ಬಂದು ಮೆಲ್ಲಗೆ ತಳ್ಳಿದರು. ಯಾರದೋ ಮದುವೆ ನಮ್ಮ ತಲೆಯ ಮೇಲೆ ಕೆಂಪಾಗಿ ಹಾದುಹೋಯಿತು.

"ಇನ್ನ ಹೋಗ್ರಿ," ಎಂದರು ಅಜ್ಜಿ. ಮಹೇಶ ಇಂಜಿನ್ ಚಾಲೂ ಮಾಡಲಿಲ್ಲ. ಸ್ಟೇರಿಂಗ್ ನನ್ನ ಕೈಗೆ ಕೊಟ್ಟು ಇಳಿದ. ಬೀದಿ ಮುಗಿಯುವವರೆಗೂ ತಾನೂ ತಳ್ಳಿದ.