ಐದೂವರೆ ಗಂಟೆ ಹಿಂದಿನ ಗಡಿಯಾರ

ಕಚೇರಿಗೆ ಕೊಡುವ ಅರ್ಜಿಗಳನ್ನು ಮನೆಯಲ್ಲೇ ಟೈಪು ಮಾಡಿ ತಲುಪಿಸುತ್ತಿದ್ದ ಅವನಿಗೆ ಬೀದಿಯವರು ಇಟ್ಟ ಹೆಸರು ನಿಮಿಷಪ್ಪ. ಗಡಿಯಾರ ಒಂದು ನಿಮಿಷ ತಪ್ಪಿದರೂ ಮೈಮೇಲೆ ಇರುವೆ ಬಿಟ್ಟಂತೆ ಆಡುವ ಮನುಷ್ಯ! ಪಾಪ, ಅಂಥವನ ಮನೆಯಲ್ಲೇ ಗಡಿಯಾರ ದಿನಾ ತಪ್ಪಬೇಕೇ?

ಇದ್ದದ್ದು ಒಂದೇ ಕಂಪ್ಯೂಟರ್, ಅದರಲ್ಲಿ ಎರಡು ಸಿಸ್ಟಮ್. ವಿಂಡೋಸ್ ಅವನ ಅರ್ಜಿಗಳಿಗೆ. ಲಿನಕ್ಸ್ ಹೆಂಡತಿಗೆ, ಮಕ್ಕಳ ಪುಸ್ತಕಕ್ಕೆ ಹಕ್ಕಿ, ಮೊಲ ಬಿಡಿಸಲು. ಯಂತ್ರದೊಳಗಿನ ಗಡಿಯಾರದಲ್ಲಿ ಅವಳ ಸಿಸ್ಟಮ್ ಲೋಕಕ್ಕೆಲ್ಲ ಒಂದೇ ಆದ ಗ್ರೀನಿಚ್ ಸಮಯ ಬರೆದಿಡುತ್ತಿತ್ತು. ಅವನದು ಅದನ್ನೇ ಊರಿನ ಸಮಯವೆಂದು ಓದುತ್ತಿತ್ತು. ಅವಳು ಕೂತು ಎದ್ದರೆ ಸಾಕು, ಅವನ ಪರದೆಯಲ್ಲಿ ಐದೂವರೆ ಗಂಟೆ ಹಿಂದೆ.

"ಏನೇ, ಇವತ್ತೂ ಐದೂವರೆ ಗಂಟೆ ನುಂಗಿದ್ಯಾ?"

"ನುಂಗಿದ್ರೇನೀಗ? ನಿಮ್ಮ ವಯಸ್ಸು ಐದೂವರೆ ಗಂಟೆ ಕಮ್ಮಿ ಆಯ್ತಲ್ಲ, ಖುಷಿಪಡಿ!"

ಗೊಣಗುತ್ತಲೇ ಸರಿಮಾಡುತ್ತಿದ್ದ. ಹೀಗೆ ಹನ್ನೊಂದು ವರ್ಷ.

ಒಮ್ಮೆ ತಪ್ಪು ಸಮಯ ಅಚ್ಚಾದ ಅರ್ಜಿ ವಾಪಸು ಬಂತು. ಸಿಟ್ಟು ನೆತ್ತಿಗೇರಿತು. ಯಾರನ್ನೋ ಕೇಳಿಕೊಂಡು, ಅವಳ ಸಿಸ್ಟಮ್ಮೂ ಊರಿನ ಸಮಯವನ್ನೇ ಇಡುವಂತೆ ಒಂದು ಸಾಲು ಟೈಪು ಮಾಡಿಬಿಟ್ಟ. ಗಡಿಯಾರ ಮತ್ತೆ ತಪ್ಪಲಿಲ್ಲ.

ಅದೇ ತಿಂಗಳು ಅವಳು ಹಾಸಿಗೆ ಹಿಡಿದಳು. ಡಾಕ್ಟರು ಕೈಚೆಲ್ಲಿದರು. ಚಿತ್ರದ ಮೇಲೆ ಆಸೆ ಇರುವ ತನಕ ಅವಳು ಉಳಿಯುತ್ತಾಳೆ ಅನ್ನುವುದೊಂದೇ ಅವನ ನಂಬಿಕೆ. ಸಂಜೆ ಅರ್ಜಿ ತಲುಪಿಸಿ ಬಂದು ಕಂಪ್ಯೂಟರ್ ಹಾಕಿ ಮೊದಲು ಪರದೆಯ ಮೂಲೆ ನೋಡುತ್ತಿದ್ದ. ಸಮಯ ಸರಿಯಾಗಿರುತ್ತಿತ್ತು. 'ಇವತ್ತೂ ಕೂರಲಿಲ್ಲ' ಎಂದು ಎದೆ ಕುಸಿಯುತ್ತಿತ್ತು. ಅಲ್ಲ, ತಾನೇ ಸರಿಮಾಡಿದ್ದು ನೆನಪಿಗೆ ಬರಬಾರದೇ! ಹನ್ನೊಂದು ವರ್ಷದ ಕಣ್ಣಿನ ಅಭ್ಯಾಸ, ಬುದ್ಧಿಯ ಮಾತು ಎಲ್ಲಿ ಕೇಳೀತು?

ಕಂಡು ಅವಳು ಸಂಕಟಪಡುವುದು ಬೇಡವೆಂದು, ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಅವಳ ಪೆನ್ನನ್ನು ಬೀರುವಿನ ಮೇಲೆ ಎತ್ತಿಟ್ಟ.

"ನನ್ನ ಪೆನ್ನೆಲ್ರೀ?"

"ಇನ್ಯಾಕೆ ಅದೆಲ್ಲ? ಸುಮ್ನೆ ಮಲ್ಕೊ."

"ಹೌದು, ಇನ್ಯಾಕೆ," ಎಂದು ಗೋಡೆ ಕಡೆ ತಿರುಗಿದಳು. ಪೆನ್ನು ಎತ್ತಿಟ್ಟ ಹತ್ತೊಂಬತ್ತನೇ ದಿನ ಹೋಗಿಬಿಟ್ಟಳು.

ಪುಸ್ತಕದವರು ಹಳೆಯ ಚಿತ್ರ ಕೇಳಿದಾಗ ಅವಳ ಸಿಸ್ಟಮ್ ತೆರೆದ. ಹಾಸಿಗೆ ಹಿಡಿದ ಮೇಲೂ ದಿನಕ್ಕೊಂದು ಚಿತ್ರ! ಎಲ್ಲದರಲ್ಲೂ ಕನ್ನಡಕದ ಮುದಿ ಗೂಬೆಯೊಂದು ಗೊಣಗುತ್ತಾ ಗಡಿಯಾರ ತಿರುಗಿಸುತ್ತಿತ್ತು. ಕೊನೆಯದು ಅರ್ಧಕ್ಕೆ ನಿಂತಿತ್ತು. ಕನ್ನಡಕ ಇತ್ತು, ಕಣ್ಣಿರಲಿಲ್ಲ. ತಾರೀಖು ಅವನು ಪೆನ್ನು ಎತ್ತಿಟ್ಟ ದಿನದ್ದು. ಸಮಯ ಮಧ್ಯಾಹ್ನ ಮೂರು ಹನ್ನೆರಡು.

"ಕೂತಿದ್ಯಲ್ಲೇ... ನಾನೇ ಕಿತ್ಕೊಂಡ್ನಲ್ಲೇ," ಎಂದು ಅವನು ಪರದೆಗೆ ಹಣೆ ಹಚ್ಚಿ ಅತ್ತ.