ಶನಿವಾರ ಸಂಜೆಯ ಮಗಳು

ಮೊನ್ನೆ ಬ್ರ್ಯಾಂಪ್ಟನ್ನಿನ ಅಂಗಡಿಯಲ್ಲಿ ಎಳೆಯ ಕೆಸುವಿನ ಎಲೆ ಸಿಕ್ಕಿತು. ಪತ್ರೊಡೆ ಮಾಡೋಣ ಅಂತ ತಂದವಳು, ಅದೇಕೋ ಎಲೆಯನ್ನೆಲ್ಲ ಹೆಚ್ಚಿ ತೆಂಗಿನ ಹಾಲಿನಲ್ಲಿ ಬೇಯಲು ಇಟ್ಟುಬಿಟ್ಟೆ. ಹಬೆಯ ಜೊತೆ ಆ ವಾಸನೆ ಎದ್ದಿತು... ಸ್ವಲ್ಪ ಮಣ್ಣು, ಸ್ವಲ್ಪ ಸಿಹಿ. ಒಲೆಯ ಮುಂದೆ ನಿಂತವಳು "ಇಯೋ, ನಾ" ಅಂದೆ. ಹೌದಮ್ಮಾ, ಅಂತ ಅದರ ಅರ್ಥ. ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ತಲೆಯೆತ್ತಿ, "ಅಮ್ಮಾ, ಹೂ ಆರ್ ಯು ಟಾಕಿಂಗ್ ಟು?" ಎಂದಳು. ನಾನು ಯಾರ ಜೊತೆ ಆ ಭಾಷೆ ಆಡುತ್ತಿದ್ದೆನೋ ಆ ಇಬ್ಬರೂ ಹೋಗಿ ವರ್ಷಗಳಾದವು.

ಅದು 2011. ಮದುವೆಗೆ ಮುಂಚಿನ ಮಾತು. ಮಂಗಳೂರಿನಿಂದ ಓದಲಿಕ್ಕೆಂದು ಈ ಹಿಮದ ದೇಶಕ್ಕೆ ಬಂದು ಎಟೋಬಿಕೋಕ್‌ನ ಒಂದು ಹಳೆಯ ಮನೆಯ ಬೇಸ್‌ಮೆಂಟಿನಲ್ಲಿದ್ದೆ. ಮೇಲೆ ಓನರ್ ಆಂಟಿ ಒಬ್ಬರೇ. ಫಿಜಿ ದ್ವೀಪದವರು; ಅರವತ್ತು ದಾಟಿದ, ಎತ್ತರದ, ಗುಂಗುರು ಕೂದಲಿನ ಹೆಂಗಸು. ಊರಿನಲ್ಲಿ ಕಬ್ಬಿನ ಗದ್ದೆಗಳ ಪಕ್ಕ ನಮ್ಮ ದೇಶದವರ ನಡುವೆ ಬೆಳೆದದ್ದರಿಂದ ನಾಲ್ಕು ಹಿಂದಿ ಮಾತು ಬರುತ್ತಿತ್ತು. ನನ್ನನ್ನು 'ಬೇಟಿ' ಅನ್ನುತ್ತಿದ್ದರು. ಕೆಸುವಿನ ಎಲೆ ಬೇಯಿಸಿದ ದಿನ ನನ್ನ ಮೆಟ್ಟಿಲ ಮೇಲೆ ಒಂದು ಬಟ್ಟಲು ಇರುತ್ತಿತ್ತು, ಅದರ ಮೇಲೊಂದು ಕ್ರೋಷಾ ಹೆಣಿಗೆಯ ಮುಚ್ಚುಬಟ್ಟೆ.

ಶನಿವಾರ ಸಂಜೆ ಏಳಕ್ಕೆ ಅವರು ಕಾಲಿಂಗ್ ಕಾರ್ಡಿನಲ್ಲಿ ಊರಿಗೆ ಫೋನ್ ಮಾಡುವರು. ಅಲ್ಲಿ ಆಗಲೇ ಭಾನುವಾರ. ತೊಂಬತ್ತು ದಾಟಿದ, ಕಣ್ಣು ಕಾಣದ ಅವರ ತಾಯಿ ಚರ್ಚು ಮುಗಿಸಿ ಪಾದ್ರಿಯವರ ಮನೆಯ ಫೋನಿನ ಪಕ್ಕ ಕಾದು ಕೂತಿರುವರು. "ನಮ್ಮಮ್ಮ ನಾಳೆಯಲ್ಲಿದ್ದಾಳೆ" ಅಂತ ಆಂಟಿ ನಗುತ್ತಿದ್ದರು. ಆ ಚಳಿಗಾಲದ ಹೊತ್ತಿಗೆ ನಗು ಒಡಕಾಯಿತು; ಅಮ್ಮನಿಗೆ ಮಾತ್ರ ಶೀತ ಅಂದರು. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು.

ಒಂದು ಸಂಜೆ ನನ್ನನ್ನು ಮೇಲೆ ಕರೆದು ಟೀ ಕೊಟ್ಟರು. "ನಮ್ಮಮ್ಮ ಆಗಲೇ ಇಬ್ಬರು ಮಕ್ಕಳನ್ನು ಮಣ್ಣು ಮಾಡಿದ್ದಾಳೆ. ಎರಡು ಸಲವೂ ಊಟ ಬಿಟ್ಟು ಮಲಗಿದಳು. ಇನ್ನೊಮ್ಮೆ ಮಲಗಿದರೆ ಏಳೋದಿಲ್ಲ. ನನ್ನ ಮಗನಿಗೆ ನಮ್ಮ ಭಾಷೆ ಅರ್ಥವಾಗುತ್ತೆ, ಬಾಯಿ ತಿರುಗೋದಿಲ್ಲ. ನೀನು ಕಲಿ, ಬೇಟಿ." ಆಪರೇಷನ್ ಆದಮೇಲೆ ಪ್ರತಿ ಶನಿವಾರ ಅವರಾಗಿ ನಾನು ಮಾತಾಡಬೇಕಂತೆ!

"ಅದು ಸುಳ್ಳಲ್ವಾ ಆಂಟಿ?"

"ಸುಳ್ಳು ಎಂಥದು? ಬೇಸ್‌ಮೆಂಟು ಬಾಡಿಗೆಗೆ ಕೊಟ್ಟಿದ್ದೇನೆ, ಸ್ವರವನ್ನೂ ಕೊಡ್ತಿದ್ದೇನೆ, ಅಷ್ಟೇ."

ಇಲ್ಲ ಅನ್ನುವುದು ನನಗೆ ಬರುವುದಿಲ್ಲ. ಆಗಲೂ ಬರಲಿಲ್ಲ.

ಕಾನ್ವೆಂಟಿನಲ್ಲಿ ಅರ್ಥ ತಿಳಿಯದ ಲ್ಯಾಟಿನ್ ಹಾಡುಗಳನ್ನು ಬಾಯಿಪಾಠ ಮಾಡಿ ಬೆಳೆದವಳು ನಾನು. ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಂಡೆ. 'ಬತಂಬತ' ಅಂದರೆ ಚಳಿ. 'ಸಾ ಕಾನಾ ಓತಿ' ಅಂದರೆ ಊಟವಾಯಿತು. 'ಲುವೆಂಗು' ಅಂದರೆ ನನ್ನ ಮಗು. ಹೌದು ಅನ್ನುವ ಮೊದಲು ಅವರು ಉಸಿರೆಳೆದುಕೊಳ್ಳುವ ರೀತಿ, ಅಮ್ಮನ ಮಾತು ಉದ್ದವಾದಾಗ ಕೆಮ್ಮುವ ಸಣ್ಣ ಕಳ್ಳಕೆಮ್ಮು, ಎಲ್ಲ ಕಲಿಸಿದರು. ನಾನು ಮೆತ್ತಗೆ, ಒಂದೇ ರಾಗದಲ್ಲಿ ಒಪ್ಪಿಸಿದರೆ ರೇಗುವರು: "ಪ್ರೇಯರ್ ಹೇಳ್ತಿದ್ದೀಯಾ? ಅವಳು ನನ್ನ ತಾಯಿ, ಮದರ್ ಸುಪೀರಿಯರ್ ಅಲ್ಲ! ಸ್ವಲ್ಪ ಸಿಡುಕು ಹಾಕು."

ಆಪರೇಷನ್ ಆಯಿತು. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಸ್ಪೀಕರಿಗೆ ಹಾಕಿದ ಫೋನಿನ ಮುಂದೆ ನನ್ನ ಪಕ್ಕ ಕೂತರು. ನನ್ನ ಮಣಿಕಟ್ಟು ಅವರ ಕೈಯಲ್ಲಿ. ಒಮ್ಮೆ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ. ಮುದುಕಿಗೆ ಕಿವಿ ಮಂದ, ಲೈನೂ ಗೊರಗೊರ. ಮೊದಲ ದಿನ ಆಕೆ ಏನೋ ಹೇಳಿ ಬಹಳ ಹೊತ್ತು ನಕ್ಕರು. ಫೋನಿಟ್ಟ ಮೇಲೆ ಆಂಟಿ ಸ್ಲೇಟಿನ ಮೇಲೆ ಬರೆದು ತೋರಿಸಿದರು: 'ಶೀತ ವಾಸಿಯಾಯಿತಲ್ಲ, ನಿನ್ನ ಸ್ವರ ಹುಡುಗಿಯಾಗಿದ್ದಾಗಿನ ಹಾಗೇ ಆಗಿದೆ ಅಂತಾಳೆ.' ಬರೆದದ್ದನ್ನು ಅಳಿಸದೆ ಸುಮ್ಮನೆ ನೋಡುತ್ತ ಕೂತರು.

ವಾರಗಳು ಹೋದಂತೆ ಮಾತುಗಳು ತಾವಾಗಿ ಅರ್ಥವಾಗತೊಡಗಿದವು. ಒಂದು ಸಲ ಮುದುಕಿ ಮಂಡಿನೋವಿನ ಬಗ್ಗೆ ಕೇಳಿದಾಗ, ಆಂಟಿ ತಟ್ಟುವ ಮೊದಲೇ, ಎಡಗಡೆಯದ್ದು ಇನ್ನೂ ನೋಯುತ್ತದೆ ಅಂದುಬಿಟ್ಟೆ. ಆಂಟಿ ನನ್ನ ಕೈ ಬಿಟ್ಟರು. ಯಾವ ಮಂಡಿ ಅಂತ ಅವರು ನನಗೆ ಹೇಳಿಯೇ ಇರಲಿಲ್ಲ. ಮೆಟ್ಟಿಲು ಹತ್ತುವಾಗ ನೋಡಿದ್ದೆನೋ ಏನೋ... ಅದೇ ವಾರ ಮಂಗಳೂರಿಗೆ ಫೋನ್ ಮಾಡಿದೆ. ನಾನು ಹಲೋ ಅಂದ ಮೇಲೆ ನನ್ನ ಅಮ್ಮ "ಯಾರು ಮಾತಾಡುವುದು?" ಅಂತ ಕೇಳಿದರು.

ಮಾರ್ಚಿನ ಒಂದು ಗುರುವಾರ ಸಂಜೆ, ನಾಲ್ಕರ ಸುಮಾರಿಗೆ, ಆಸ್ಪತ್ರೆಯಲ್ಲಿ ಆಂಟಿ ಹೋದರು. ದೂರದೂರಿನಿಂದ ಬಂದ ಮಗ ಅಡುಗೆಮನೆಯಲ್ಲಿ ತಲೆ ತಗ್ಗಿಸಿ ನಿಂತು ಹೇಳಿದ, "ಮುಂದಿನ ವಾರ ಊರಿಗೆ ಹೋಗಿ ನಾನೇ ಅಜ್ಜಿಗೆ ತಿಳಿಸ್ತೇನೆ. ಫೋನಿನಲ್ಲಿ ಹೇಳೋ ಮಾತಲ್ಲ ಇದು. ಈ ಶನಿವಾರ ಒಂದೇ ಒಂದು ಸಲ, ಪ್ಲೀಸ್..."

ಏಳಕ್ಕೆ ನಂಬರು ಒತ್ತಿದೆ. ನನ್ನ ಕೈ ಮೇಜಿನ ಮೇಲಿತ್ತು, ಹಿಡಿಯುವವರಿರಲಿಲ್ಲ. ಮುದುಕಿ ಹಿಮದ ಬಗ್ಗೆ ಕೇಳಿದರು. ಬತಂಬತ, ಅಂದೆ. ಆಮೇಲೆ, ಚಿಕ್ಕ ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು. ಒಂದೊಂದು ಮಾತೂ ನನಗೆ ಅರ್ಥವಾಯಿತು. ಆಗದಿದ್ದರೆ ಚೆನ್ನಾಗಿತ್ತು.

"ಶುಕ್ರವಾರ ಬೆಳಿಗ್ಗೆ ಬಂದಿದ್ದೆಯಲ್ಲ. ನೀನು ಬಾಗಿಲಲ್ಲೇ ನಿಂತೆ. ಬಾ, ಊಟ ಮಾಡು ಅಂತ ನಾನು ಕರೆದೆ. ಯಾಕೆ ಹಾಗೇ ಹೋದೆ, ಲುವೆಂಗು?"

ನಮ್ಮ ಗುರುವಾರ ಸಂಜೆ ನಾಲ್ಕು ಗಂಟೆ ಅಂದರೆ ಅವರಲ್ಲಿ ಶುಕ್ರವಾರ ಬೆಳಿಗ್ಗೆ. ಎದುರಿಗೆ ಕೂತಿದ್ದ ಮಗನಿಗೂ ಅರ್ಥವಾಗಿತ್ತು. ಟೀ ಕಪ್ಪನ್ನು ಸಾಸರಿನ ಮೇಲಿಟ್ಟು ಫೋನಿನ ಕಡೆ ಬಾಗಿದ. ಅವರ ಊರಿನಲ್ಲಿ ಬಾಗಿಲ ಮುಂದೆ ಹಾದುಹೋಗುವ ಯಾರನ್ನೂ ಊಟಕ್ಕೆ ಕರೆಯದೆ ಬಿಡುವುದಿಲ್ಲ, ಕರೆದವರಿಗೆ ಉತ್ತರ ಕೊಡದೆ ಹೋಗುವುದೂ ಇಲ್ಲ ಅಂತ ಆಂಟಿ ಹೇಳಿದ್ದರು. ಮುದುಕಿ ಎರಡು ದಿನದಿಂದ ಆ ಉತ್ತರಕ್ಕೆ ಕಾಯುತ್ತಿದ್ದರು. ನಾನು ಉಸಿರೆಳೆದುಕೊಂಡೆ. "ಸಾ ಕಾನಾ ಓತಿ, ನಾ" ಅಂದೆ. ನನ್ನ ಊಟ ಆಗಿತ್ತಮ್ಮ.

"ಹಾಗಾದರೆ ಸರಿ" ಅಂದರು. ಎಂದೂ ಮೊದಲು ಫೋನಿಡದವರು ಆ ದಿನ ತಾವೇ ಮೊದಲು ಇಟ್ಟರು.

ಮಗ ಊರು ತಲುಪಿದಾಗ ಅಜ್ಜಿ ಕಪ್ಪು ಬಟ್ಟೆ ಉಟ್ಟು, ಚಾಪೆಯ ಮೇಲೆ ಕೂತು ಮೀನು ತಿನ್ನುತ್ತಿದ್ದರಂತೆ. ಇವನು ಬಾಯಿ ತೆರೆಯುವ ಮೊದಲೇ, "ಗೊತ್ತು. ಹೊಟ್ಟೆ ತುಂಬಿಕೊಂಡೇ ಹೋದಳು. ಅವಳೇ ಹೇಳಿದಳು" ಅಂದರಂತೆ. ಆಮೇಲೆ ಎರಡು ವರ್ಷ ಬದುಕಿದ್ದರು, ಒಂದು ಹೊತ್ತೂ ಊಟ ಬಿಡದೆ.

ಆ ದಿನ ಉತ್ತರ ಕೊಟ್ಟವಳು ಯಾರು ಅಂತ ಅವರು ತಿಳಿದಿದ್ದರೋ, ನನಗೆ ಗೊತ್ತಿಲ್ಲ. ನನಗೇ ಪೂರ್ತಿ ಗೊತ್ತಿಲ್ಲ. ಮೊನ್ನೆ ಮಗಳಿಗೆ ಏನೋ ಹೇಳಿ ಜಾರಿಕೊಂಡೆ. ಒಲೆ ಆರಿಸಿ, ಕಿಟಕಿಯ ಬಳಿ ಕೂತು ಆಂಟಿಯನ್ನು ನೆನೆದೆ. ಅವರ ಕೂದಲು, ದಪ್ಪ ಬೆರಳು, ಕಾಲುಚೀಲದ ಮೇಲೆ ಹಾಕುತ್ತಿದ್ದ ಚಪ್ಪಲಿ, ಎಲ್ಲ ಕಣ್ಣ ಮುಂದಿದೆ. 'ಬೇಟಿ' ಅಂತ ಅವರು ಕರೆಯುವುದನ್ನು ಒಮ್ಮೆ ಕೇಳಬೇಕು ಅನಿಸಿತು. ಎಷ್ಟು ಹೊತ್ತು ಕಿವಿಗೊಟ್ಟು ಕೂತರೂ ಕೇಳಿಸಿದ್ದು ನನ್ನ ಸ್ವರವೇ.